ತಂಗಿಯ ಕೈಲಿ ಹಾಕಿಸಿದ ಸಹಿ

ಚನ್ನಗಿರಿಯ ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಮೂರನೆಯ ಪೆಟ್ಟಿಗೆ ಅಂಗಡಿ ನನ್ನದು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಪ್ಲಾಸ್ಟಿಕ್ ಕುರ್ಚಿ, ಹೆಬ್ಬೆಟ್ಟಿಗೆ ಒಂದು ಇಂಕ್ ಪ್ಯಾಡು. ಬೋರ್ಡಿನ ಮೇಲೆ ಪತ್ರ ಬರಹಗಾರರು ಅಂತ ಇದೆ, ಜನ ಕರೆಯುವುದು ಬಾಂಡ್ ರೈಟರ್ ಅಂತ. ಇಪ್ಪತ್ತು ವರ್ಷದ ಮೇಲಾಯಿತು, ಅಣ್ಣತಮ್ಮಂದಿರು ಬೇರೆಯಾಗುವುದನ್ನು, ಅಕ್ಕತಂಗಿಯರು ಬಿಟ್ಟುಕೊಡುವುದನ್ನು, ಗಂಡಹೆಂಡಿರು ಮುಖ ತಿರುಗಿಸುವುದನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದುಕೊಟ್ಟು ಹೊಟ್ಟೆ ಹೊರೆದಿದ್ದೇನೆ. ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಅದನ್ನು ನನ್ನ ಸಭ್ಯತೆ ಎಂದು ತಿಳಿಯಬೇಕಾಗಿಲ್ಲ. ನನ್ನ ಲೈಸೆನ್ಸು ಇನ್ನೂ ಚಾಲ್ತಿಯಲ್ಲಿದೆ, ಅದು ಹಾಗೇ ಇರಲಿ ಎಂಬ ಆಸೆಯೂ ಇದೆ.

ನಮ್ಮ ಕಸುಬಿನಲ್ಲಿ ಅತಿ ಹೆಚ್ಚು ಬರೆಯುವ ಪತ್ರ ಯಾವುದು ಅಂತ ಕೇಳಿದರೆ ಕ್ರಯಪತ್ರ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅಂಗಡಿಯಲ್ಲಿ ಮಾತ್ರ ಅದು ಹಕ್ಕು ಖುಲಾಸೆ ಪತ್ರ. ಮದುವೆಯಾಗಿ ಹೋದ ಹೆಣ್ಣುಮಗಳು ತವರಿನ ಆಸ್ತಿಯಲ್ಲಿ ತನ್ನ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ಕಾಗದ ಅದು. ಗೌರಿ ಹಬ್ಬ ಮುಗಿದ ವಾರ ನಮ್ಮ ಸಾಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಬ್ಬಕ್ಕೆಂದು ಕರೆತಂದ ಅಕ್ಕತಂಗಿಯರನ್ನು, ಉಡಿ ತುಂಬಿ, ಸೀರೆ ಕೊಟ್ಟು, ಹಾಗೇ ಬೈಕಿನ ಹಿಂದೆ ಕೂರಿಸಿಕೊಂಡು ತರುತ್ತಾರೆ. ಆ ಹೆಣ್ಣುಮಕ್ಕಳಿಗೆ ಹೇಳಬೇಕಾದ ಮಾತು ನನಗೆ ಬಾಯಿಪಾಠ. ಇದೇನಿಲ್ಲಮ್ಮ, ಒಂದು ರೂಢಿ, ತವರಿನ ಬಾಗಿಲು ಹಂಗೇ ತೆರೆದಿರ್ತತೆ. ಅವರು ಕಾಗದ ನೋಡುವುದಿಲ್ಲ, ಅಣ್ಣನ ಮುಖ ನೋಡಿ ಸಹಿ ಹಾಕುತ್ತಾರೆ. ಒಬ್ಬಳಾದರೂ ಓದಿಸಿ ಕೇಳಲಿ ಅಂತ ಕಾದಿದ್ದೇನೆ. ಯಾರೂ ಕೇಳಲಿಲ್ಲ, ಹಾಗೆ ಕೇಳದವರ ಬಗ್ಗೆ ನನಗೆ ಒಳಗೊಳಗೇ ತಾತ್ಸಾರ ಬೆಳೆಯಿತು.

ನನ್ನ ತಂಗಿಯೂ ಅಂಥದೊಂದು ಕಾಗದಕ್ಕೆ ಸಹಿ ಹಾಕಿದವಳೇ. ಮದುವೆಯಾದ ಎರಡನೇ ತಿಂಗಳು, ಸಂತೆಯ ಚೀಲ ತೋಳಿಗೆ ಹಾಕಿಕೊಂಡು ನಿಂತಲ್ಲೇ ಹಾಕಿದಳು. ಅಪ್ಪನ ಮನೆ ಪೂರ್ತಿ ನನ್ನದಾಯಿತು. ಅವಳು ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವ್ವ ಸತ್ತಾಗ ಅವಳಿನ್ನೂ ಶಾಲೆಯಲ್ಲಿದ್ದಳು. ಜಡೆ ಹಾಕಲು ನಾನೇ ಕಲಿತೆ, ಒಂದು ಮೇಲೆ ಒಂದು ಕೆಳಗೆ ಬರುತ್ತಿತ್ತು, ಅವಳು ಹಾಗೇ ಹೋಗುತ್ತಿದ್ದಳು. ಅಣ್ಣ ಹೇಳಿದ್ದು ಸರಿ ಅನ್ನುವುದು ಅವಳಿಗೆ ಅಲ್ಲಿಂದಲೇ ಅಂಟಿದ ರೋಗ. ಎಸ್ಸೆಸ್ಸೆಲ್ಸಿ ಪಾಸಾದವಳು, ಕನ್ನಡ ಪೇಪರನ್ನು ಮೊದಲಿಂದ ಕೊನೆತನಕ ಓದುವವಳು, ನಾನು ಮುಂದಿಟ್ಟ ಕಾಗದವನ್ನು ಮಾತ್ರ ಓದುತ್ತಿರಲಿಲ್ಲ.

ಅವಳನ್ನು ಕೊಟ್ಟದ್ದು ನ್ಯಾಮತಿಗೆ. ಗಂಡನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿ. ದುಡಿಯುವವನು, ಕುಡಿತವಿಲ್ಲ, ಇಸ್ಪೀಟಿಲ್ಲ ಅಂತ ನಾನೇ ಒಪ್ಪಿದ್ದೆ. ಕೈ ಮಾಡುತ್ತಾನೆ ಅನ್ನುವುದನ್ನು ಯಾರೂ ಹೇಳಿರಲಿಲ್ಲ, ಹೇಳಿದ್ದರೆ ಎಲ್ಲಾ ಗಂಡಸರೂ ಅಷ್ಟೇ ಅಂದಿರುತ್ತಿದ್ದೆನೋ ಏನೋ. ಐದನೇ ವರ್ಷ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದಳು. ಮುಂದಿನ ಹಲ್ಲು ಅರ್ಧ ಮುರಿದಿತ್ತು. ಸೊಂಟದ ಮೇಲೆ ಎರಡೂವರೆ ವರ್ಷದ ಮಗಳು. ನನ್ನ ಹೆಂಡತಿ ಮಗುವಿಗೆ ಹಾಲು ಕಾಯಿಸಿದಳು, ಆಮೇಲೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಎಷ್ಟು ದಿನ ಇರುತ್ತಾಳೆ ಅಂತ ಅವಳು ಬಾಯಿಬಿಟ್ಟು ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಂಗಿ ಸುಮ್ಮನೆ ಕೂರಲಿಲ್ಲ. ಒಂದು ಬ್ಲೌಸ್ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹಚ್ಚುವ, ಪಿಕೋ ಮಾಡುವ ಕೆಲಸ ಹಿಡಿದಳು. ಮಗುವನ್ನು ಹಗಲೆಲ್ಲಾ ನನ್ನ ಪೆಟ್ಟಿಗೆ ಅಂಗಡಿಯಲ್ಲಿ ಬಿಡುತ್ತಿದ್ದಳು. ಅದು ಮೇಜಿನ ಕೆಳಗೆ ಕೂತು, ಕೆಟ್ಟ ಪ್ರಿಂಟುಗಳ ಹಿಂಬದಿಗೆಲ್ಲಾ ಹತ್ತೂ ಬೆರಳಿನ ಗುರುತು ಒತ್ತುತ್ತಿತ್ತು. ಮಾವಾ ಸಹಿ ಆತು ಅನ್ನುತ್ತಿತ್ತು. ಕಕ್ಷಿದಾರರು ನಗುತ್ತಿದ್ದರು. ನನಗೆ ಆ ಮಗುವಿನ ಮೇಲೆ ಪ್ರೀತಿ ಇತ್ತು, ಇದನ್ನು ಯಾರೂ ನಂಬದಿದ್ದರೂ ಸರಿ.

ಯುಗಾದಿಗೆ ನಾಲ್ಕು ದಿನ ಇದೆ ಅನ್ನುವಾಗ ನ್ಯಾಮತಿಯಿಂದ ಮಗುವಿನ ಅಜ್ಜಿ, ಅಂದರೆ ತಂಗಿಯ ಅತ್ತೆ, ಹೊಸ ಫ್ರಾಕು ಹಿಡಿದುಕೊಂಡು ಬಂದಳು. ಹಬ್ಬಕ್ಕೆ ಮೊಮ್ಮಗಳು ಮನೆಯಲ್ಲಿರಲಿ, ಹೊಸತೊಡಕು ಮುಗಿಸಿ ಕಳಿಸುತ್ತೇವೆ ಅಂದಳು. ತಂಗಿ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಹಬ್ಬ ಹೋಯಿತು, ಹದಿನೈದು ದಿನ ಹೋಯಿತು, ಮಗು ಬರಲಿಲ್ಲ. ನಾನು ಅವತ್ತೇ ಎದ್ದು ಹೋಗಿ ಕರೆತರಬಹುದಿತ್ತು. ಅಲ್ಲಿ ಅಪರಿಚಿತರ್ಯಾರೂ ಇರಲಿಲ್ಲ, ಬೈಕಿನಲ್ಲಿ ಹೋದರೆ ಮಧ್ಯಾಹ್ನದ ಊಟಕ್ಕೆ ವಾಪಸ್ಸು. ಹೋಗಲಿಲ್ಲ, ಯಾಕೆಂದರೆ ಒಳಗೆ ನನಗೆ ನಿರಾಳವಾಗಿತ್ತು.

ನಿರಾಳಕ್ಕೆ ಕಾರಣ ಜಗಳೂರು. ಅಲ್ಲಿಂದ ಒಂದು ಸಂಬಂಧದ ಮಾತು ಬಂದಿತ್ತು. ಹೆಂಡತಿ ತೀರಿಕೊಂಡವನು, ಸರ್ಕಾರಿ ಕೆಲಸ, ಮಕ್ಕಳಿಲ್ಲ. ಮಧ್ಯಸ್ಥಗಾರ ಒಂದೇ ಒಂದು ಷರತ್ತು ಹೇಳಿದ್ದ: ಹಳೆಯದು ಪೂರ್ತಿ ಬಗೆಹರಿದಿರಬೇಕು, ಹಿಂದೆ ಮುಂದೆ ಏನೂ ತಗುಲಿಕೊಂಡಿರಬಾರದು. ಏನೂ ಅಂದರೆ ಮಗು. ನಾನು ಇದನ್ನು ತಂಗಿಗೆ ಹೇಳಲಿಲ್ಲ. ಹೆಂಡತಿಗೆ ಹೇಳಿದೆ. ಎಷ್ಟೋ ತಿಂಗಳ ಮೇಲೆ ಅವಳು ಅವತ್ತು ಮನೆಯಲ್ಲಿ ಪಾಯಸ ಮಾಡಿದಳು.

ಪಂಚಾಯಿತಿ ನ್ಯಾಮತಿಯಲ್ಲಿ ಹಿರಿಯರೊಬ್ಬರ ಮನೆಯ ಪಡಸಾಲೆಯಲ್ಲಿ ಕೂಡಿತು. ಆರು ಜನ ಯಜಮಾನರು, ಎರಡು ಕಡೆಯವರು, ನಡುವೆ ಪೇಪರಿನ ಮೇಲೆ ಸುರಿದ ಮಂಡಕ್ಕಿ, ಪಕ್ಕದಲ್ಲಿ ಮಿರ್ಚಿ. ಹೊಡೆದದ್ದು ತಪ್ಪು ಅಂತ ಒಬ್ಬರು ಅಂದರು, ಹೇಳದೆ ಕೇಳದೆ ಹೋದದ್ದೂ ತಪ್ಪು ಅಂತ ಇನ್ನೊಬ್ಬರು ಅಂದರು, ಎರಡು ತಪ್ಪನ್ನೂ ಸಮ ಮಾಡಿದರು. ಇಬ್ಬರೂ ಬಿಟ್ಟುಬಿಡಲಿ, ಮಗು ತಂದೆಯ ಕಡೆಗಿರಲಿ ಅಂತ ತೀರ್ಮಾನವಾಯಿತು. ಕೋರ್ಟು ಕಚೇರಿ ಬೇಡ, ಕಾಗದ ಮಾಡಿಕೊಳ್ಳೋಣ, ಬರೆಯುವವನು ನಮ್ಮಲ್ಲೇ ಇದಾನಲ್ಲ ಅಂದರು. ಎಲ್ಲರೂ ನನ್ನ ಕಡೆ ತಿರುಗಿದಾಗ ನನಗೆ ಹೆಮ್ಮೆಯಾಯಿತು. ತಂಗಿಯ ಸಂಸಾರ ಮುರಿಯುವ ಕೂಟದಲ್ಲಿ ನನಗೆ ಮರ್ಯಾದೆ ಸಿಕ್ಕಿತು ಅಂತ ಹೆಮ್ಮೆ.

ಇ-ಸ್ಟಾಂಪ್ ಕಾಗದ ಮೊದಲೇ ತಂದಿದ್ದೆ. ಲ್ಯಾಪ್‌ಟಾಪು ತೆರೆದೆ. ಗಂಡಹೆಂಡತಿ ಬಿಡುಗಡೆಯ ಒಕ್ಕಣೆ ನನ್ನ ಹತ್ತಿರ ಇತ್ತು, ಮಗುವಿನ ವಿಷಯಕ್ಕೆ ಇರಲಿಲ್ಲ. ಅದಕ್ಕೆ ಹಕ್ಕು ಖುಲಾಸೆ ಪತ್ರದ ಫೈಲು ತೆರೆದು ಅಲ್ಲಿಂದ ಒಂದು ಪ್ಯಾರಾ ಎತ್ತಿ ಇಲ್ಲಿ ಹಾಕಿದೆ. ಸ್ವತ್ತು ಅಂತ ಇದ್ದ ಕಡೆ ಮಗು ಅಂತ ಮಾಡಿದೆ. ‘ಸದರಿ ಮಗುವಿನ ಮೇಲೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಇನ್ನು ಮುಂದೆ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ, ಮುಂದೆ ಯಾವ ತಕರಾರನ್ನೂ ಮಾಡತಕ್ಕದ್ದಲ್ಲ.’ ಕೆಳಗೆ ಎಂದಿನಂತೆ, ಪತ್ರವನ್ನು ಓದಿ ಹೇಳಲಾಗಿ ತಿಳಿದು ಒಪ್ಪಿ ಸಹಿ ಮಾಡಿರುತ್ತಾರೆ. ಅದರ ಕೆಳಗೆ ಬಿಕ್ಕಲಂ, ಅಂದರೆ ಬರೆದವನ ಸಹಿ, ನನ್ನದು.

ನನಗೆ ಗೊತ್ತಿತ್ತು. ಇದನ್ನು ಎಷ್ಟು ನೇರವಾಗಿ ಹೇಳಿದರೂ ಸಾಲದು. ಬಾಂಡ್ ಪೇಪರಿನಲ್ಲಿ ಬರೆದುಕೊಂಡರೆ ವಿಚ್ಛೇದನ ಆಗುವುದಿಲ್ಲ, ಅದಕ್ಕೆ ಕೋರ್ಟಿನ ಡಿಕ್ರಿಯೇ ಬೇಕು ಅನ್ನುವುದು ನಮ್ಮ ಸಾಲಿನ ಎಲ್ಲರಿಗೂ ಗೊತ್ತು. ಐದು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಬಿಡುತ್ತಾರೆ ಅನ್ನುವುದನ್ನು ವಕೀಲರ ಬಾಯಲ್ಲಿ ಚಹಾ ಅಂಗಡಿಯಲ್ಲಿ ಹತ್ತು ಸಲ ಕೇಳಿದ್ದೆ. ಅವತ್ತು ಮಗುವಿಗೆ ಮೂರು ವರ್ಷ ನಾಲ್ಕು ತಿಂಗಳು.

ತಂಗಿ ಒಳಗಿನ ಬಾಗಿಲ ಹತ್ತಿರ ಕೂತಿದ್ದಳು. ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದ ಕಾಗದವನ್ನು ಅವಳ ತೊಡೆಯ ಮೇಲೆ ಒಂದು ಪುಸ್ತಕ ಇಟ್ಟು ಅದರ ಮೇಲಿಟ್ಟೆ. ಅವಳು ಪೆನ್ನು ಹಿಡಿದು ಮೆತ್ತಗೆ ಕೇಳಿದಳು: “ಇದಕ್ಕೆ ಸಹಿ ಹಾಕಿದ್ರೆ ಮಗಿನ್ನ ನೋಡಾಕೆ ಬಿಡ್ತಾರಾ ಅಣ್ಣ?”

“ಬಿಡ್ತಾರೆ. ಇದೇನಿಲ್ಲ, ಒಂದು ರೂಢಿ. ಹಾಕು,” ಅಂದೆ.

ಹಾಕಿದಳು. ದುಂಡಗಿನ ಅಕ್ಷರ, ನಾನೇ ತಿದ್ದಿಸಿದ್ದು. ಯಜಮಾನರು ಮಿರ್ಚಿ ಮುಗಿಸಿ ಕೈ ಒರೆಸಿಕೊಂಡು ಸಾಕ್ಷಿ ಹಾಕಿದರು.

ಅದಾದ ಎರಡು ತಿಂಗಳಿಗೆ ಜಗಳೂರಿನವನ ತಾಯಿ ತೀರಿಕೊಂಡಳು. ವರ್ಷ ತುಂಬುವ ತನಕ ಅವರ ಮನೆಯಲ್ಲಿ ಶುಭಕಾರ್ಯ ಇಲ್ಲ. ಕಾಯುತ್ತೀರಾ ಅಂತ ಕೇಳಿದರು, ಕಾಯುತ್ತೇವೆ ಅಂದೆ. ಆ ನಡುವೆ ತಂಗಿ ಒಂದು ದಿನ ಅಂಗಡಿಗೆ ರಜೆ ಹಾಕಿ, ಮಗಳಿಗೆಂದು ತಾನೇ ಹೊಲಿದ ಲಂಗ ತೆಗೆದುಕೊಂಡು ನ್ಯಾಮತಿಗೆ ಹೋದಳು. ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಕಾಗದದ ಜೆರಾಕ್ಸು ಕೈಗೆ ಕೊಟ್ಟಳಂತೆ. ಆಗ ಓದಿದಳು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಪೂರ್ತಿ ಓದಿದಳಂತೆ, ಲಂಗ ತೊಡೆಯ ಮೇಲೇ ಇತ್ತಂತೆ.

ಮನೆಗೆ ಬಂದು ಜಗಳ ಮಾಡುತ್ತಾಳೆ ಅಂದುಕೊಂಡಿದ್ದೆ, ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ, ಹಿಂಗೆ ಬರೆಯಲೇಬೇಕಿತ್ತಾ ಅಂತ. ಕಾನೂನು ತಂಗೀ, ಒಕ್ಕಣೆ ಇರೋದೇ ಹಂಗೆ, ನಾವೇನು ಮಾಡಾಕಾಗ್ತತೆ ಅಂದೆ. ಅವಳು ಒಪ್ಪಿಕೊಂಡಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಒಪ್ಪಿಕೊಂಡು, ಮರುದಿನ ಡಬ್ಬಿ ಕಟ್ಟಿಕೊಂಡು ಪಿಕೋ ಮಾಡಲು ಹೋದಳು. ಹಾಗೆ ಹೋದ ತಿಂಗಳುಗಳಲ್ಲಿ ಮಗುವಿಗೆ ನಾಲ್ಕು ತುಂಬಿತು, ಆಮೇಲೆ ಐದೂ ತುಂಬಿತು. ಎರಡು ಹುಟ್ಟುಹಬ್ಬಕ್ಕೂ ಅವಳು ಲಂಗ ಹೊಲಿದಳು, ಅಂದಾಜಿನ ಅಳತೆಗೆ.

ಜಗಳೂರಿನವರು ವರ್ಷ ಕಳೆದ ಮೇಲೂ ಅದೂ ಇದೂ ಅಂತ ಮುಂದೂಡಿ, ಕೊನೆಗೂ ಹೆಣ್ಣು ನೋಡಲು ಬಂದಾಗ ಮಗುವಿಗೆ ಐದು ವರ್ಷ ಒಂದು ತಿಂಗಳು. ಅವರ ಜೊತೆ ಒಬ್ಬರು ಹಿರಿಯರು ಬಂದಿದ್ದರು, ಯಾವುದೋ ಕೋರ್ಟಿನಲ್ಲಿ ಗುಮಾಸ್ತರಾಗಿ ರಿಟೈರಾದವರು. ಕಾಗದ ತೋರಿಸಿ ಅಂದರು. ನಾನು ಜಂಬದಿಂದಲೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಚಿ, ಮಂಚದ ಮೇಲಿಟ್ಟರು. ತಂಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು.

“ಇದರಾಗೆ ಡೈವೋರ್ಸೂ ಆಗಿಲ್ಲ, ಮಗೂನೂ ಹೋಗಿಲ್ಲ,” ಅಂದರು. “ಈ ಹುಡುಗಿ ಇನ್ನೂ ಆತನ ಹೆಂಡ್ತಿನೇ. ನಾಳೆ ನಮ್ಮ ಹುಡುಗ ತಾಳಿ ಕಟ್ಟಿದ್ರೂ ಅದು ಮದ್ವೆ ಅಂತ ನಿಲ್ಲಾದಿಲ್ಲ. ಬರೆದೋರು ಯಾರ್ರೀ?”

ನಾನು ಕಾಗದ ಎತ್ತಿ ಜೇಬಿಗಿಟ್ಟುಕೊಂಡೆ. ಅವರು ಉಪ್ಪಿಟ್ಟು ತಿಂದು, ನೀರು ಕುಡಿದು, ಬಂದ ಕಾರಿನಲ್ಲೇ ಹೊರಟುಹೋದರು. ತಂಗಿಯ ಮುಖದಲ್ಲಿ ಸಂಬಂಧ ತಪ್ಪಿದ ಬೇಸರ ಒಂದಿಷ್ಟೂ ಇರಲಿಲ್ಲ. ಎರಡು ವರ್ಷದಿಂದ ನೋಡಿರದ ಒಂದು ಬೆಳಕು ಇತ್ತು. ಮಗು ಹೋಗಿಲ್ಲ ಅಂದ್ರಲ್ಲ ಅಣ್ಣ ಅಂದಳು. ಅವರಿಗೇನು ಗೊತ್ತು, ಸಂಬಂಧ ಬೇಡ ಅನ್ನಾಕೆ ಒಂದು ನೆಪ ಅಂದೆ. ಅವಳು ಜೀವನದಲ್ಲಿ ಮೊದಲ ಸಲ ನನ್ನ ಮಾತು ಬಿಟ್ಟು ಹೊರಗಿನವರ ಮಾತು ಹಿಡಿದಳು. ಎರಡು ದಿನ ಬಿಟ್ಟು, ಹೇಳದೆ, ಹೊನ್ನಾಳಿಗೆ ಹೋಗಿ ಒಬ್ಬ ವಕೀಲೆಯನ್ನು ಕಂಡುಬಂದಳು.

ಆ ವಕೀಲೆ ನನ್ನನ್ನೂ ಕರೆಸಿದರು. ಐವತ್ತರ ಹೆಂಗಸು, ಮಾತಿನಲ್ಲಿ ನಯ ಕಡಿಮೆ. ಕಾಗದವನ್ನು ಮೇಜಿನ ಮೇಲೆ ಬೆರಳಿಂದ ತಳ್ಳಿ ಹೇಳಿದರು: “ಮಗೂನ ಬರೆದುಕೊಡಾಕೆ ಬರಾದಿಲ್ಲ ರೀ. ತಾಯಿ ಬರೆದುಕೊಟ್ರೂ ಬರಾದಿಲ್ಲ. ಕೋರ್ಟು ನೋಡೋದು ಮಗೂಗೆ ಯಾವುದು ಒಳ್ಳೇದು ಅಂತ, ಈ ಕಾಗದ ಅಲ್ಲ. ಎರಡು ವರ್ಷದ ಹಿಂದೆ ಬಂದಿದ್ರೆ ನಾನಿವತ್ತು ಇಷ್ಟು ಮಾತಾಡ್ತಿರಲಿಲ್ಲ.” ಆಮೇಲೆ ವಿವರಿಸಿದರು. ವಿಚ್ಛೇದನಕ್ಕೆ ಅರ್ಜಿ ಹಾಕೋಣ, ಅದರಲ್ಲೇ ಮಗುವನ್ನೂ ಕೇಳೋಣ. ಐದು ದಾಟಿದೆ ಅಂತ ತಾಯಿಯ ಹಕ್ಕು ಹೋಗುವುದಿಲ್ಲ, ಆದರೆ ಗಂಡನ ಕಡೆಯವರು ಒಂದೇ ಮಾತು ಹಿಡಿಯುತ್ತಾರೆ: ತಾಯಿ ತಿಳಿದೂ ತಿಳಿದೂ ಮಗುವನ್ನು ಬಿಟ್ಟುಹೋದಳು, ಎರಡು ವರ್ಷ ತಿರುಗಿ ನೋಡಲಿಲ್ಲ. ಆಕೆ ತಿಳಿಯದೆ ಸಹಿ ಹಾಕಿದಳು, ಕಾಗದವನ್ನು ಕಾನೂನು ಅಂತ ನಂಬಿ ದೂರ ಇದ್ದಳು ಅನ್ನುವುದನ್ನು ಹೇಳಬಲ್ಲವರು ಒಬ್ಬರೇ ಇದ್ದಾರೆ. ಹಾಗೆ ಹೇಳಿ ನನ್ನನ್ನು ನೋಡಿದರು. ತಂಗಿಯೂ ನೋಡಿದಳು. ಹೇಳ್ತೀನಿ ಅಂದೆ.

ಕೋರ್ಟು ಅಂದರೆ ವಾಯಿದೆ. ಹೊನ್ನಾಳಿಯ ಬಸ್ಸು ಹತ್ತುವುದು, ಹೆಸರು ಕೂಗುವವರೆಗೆ ಕಾಯುವುದು, ಮುಂದಿನ ತಾರೀಖು ಬರೆದುಕೊಂಡು ಬರುವುದು. ತಂಗಿ ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ. ಬ್ಲೌಸ್ ಅಂಗಡಿಯವರು ಬೇರೆಯವರನ್ನು ಇಟ್ಟುಕೊಂಡರು, ಅವಳು ಮನೆಯಲ್ಲೇ ಮಿಷನ್ ಹಾಕಿಕೊಂಡಳು. ಹಿಂಗೇ ಎರಡು ವರ್ಷ ಸವೆದ ಮೇಲೆ ನನ್ನ ಸಾಕ್ಷಿಯ ದಿನ ಬಂತು. ಅದಕ್ಕೆ ಮೊದಲು ವಕೀಲೆ ನನ್ನ ಪ್ರಮಾಣಪತ್ರ ಬರೆಸಿದ್ದರು. ನಾನೇ ಈ ಕಾಗದ ಬರೆದವನು, ಓದಿ ಹೇಳಲಿಲ್ಲ, ಇದು ಬರೀ ರೂಢಿ, ಮಗುವನ್ನು ನೋಡಲು ಬಿಡುತ್ತಾರೆ ಅಂತ ನಾನೇ ನಂಬಿಸಿ ಸಹಿ ಹಾಕಿಸಿದೆ. ಅದಕ್ಕೆ ಒಂದೇ ಏಟಿಗೆ ಸಹಿ ಹಾಕಿದೆ. ನಿಜ ಹೇಳುವುದು ಇಷ್ಟು ಸಲೀಸಾ ಅನ್ನಿಸಿತ್ತು.

ಅವತ್ತು ನ್ಯಾಯಾಧೀಶರು ಮಗುವನ್ನೂ ಕರೆತರಲು ಹೇಳಿದ್ದರು. ಏಳು ವರ್ಷದ ಹುಡುಗಿ, ಯೂನಿಫಾರಂ, ಎರಡು ಜಡೆ. ವಕೀಲೆ ಹೇಗೋ ಒಪ್ಪಿಸಿ, ಒಂದು ತಾಸು ತಾಯಿಯ ಜೊತೆ ವೆರಾಂಡದಲ್ಲಿ ಕೂರಲು ಬಿಡಿಸಿದರು. ನನ್ನ ಹೆಸರು ಕೂಗಿದಾಗ ತಂಗಿ ಬೆಂಚಿನ ಮೇಲೆ ಕೂತು ಮೋಸಂಬಿ ಬಿಡಿಸುತ್ತಿದ್ದಳು. ಹುಡುಗಿ ಒಂದು ಕೈ ದೂರ ಕೂತು ಅವಳ ಮುರಿದ ಹಲ್ಲನ್ನೇ ನೋಡುತ್ತಿದ್ದಳು. ನೀ ಹೋಗಣ್ಣ, ನಾನಿಲ್ಲೇ ಇರ್ತೀನಿ ಅಂದಳು ತಂಗಿ. ನನ್ನ ಸಾಕ್ಷಿ ಕೇಳುವುದಕ್ಕಿಂತ ಆ ಒಂದು ತಾಸು ಅವಳಿಗೆ ದೊಡ್ಡದಿತ್ತು.

ಕಟಕಟೆಯಲ್ಲಿ ಎದುರು ಪಕ್ಷದ ವಕೀಲರು ಎದ್ದರು. ವಯಸ್ಸಾದವರು, ಅವಸರವೇ ಇಲ್ಲದ ಧಾಟಿ. ನಾನು ಲೈಸೆನ್ಸ್ ಇರುವ ಪತ್ರ ಬರಹಗಾರನೋ ಅಂತ ಕೇಳಿದರು, ಹೌದು ಅಂದೆ. ಪತ್ರದ ಕೆಳಗೆ ಓದಿ ಹೇಳಲಾಗಿದೆ ಅಂತ ಇದೆ, ಸಹಿ ನಿಮ್ಮದೋ ಅಂದರು, ಹೌದು ಅಂದೆ. ಇಂಥ ಪತ್ರ ಈವರೆಗೆ ಎಷ್ಟು ಬರೆದಿರಬಹುದು, ಸಾವಿರ ದಾಟಿದೆಯೋ ಅಂದರು. ದಾಟಿದೆ ಅಂದೆ. ಆಮೇಲೆ ಕನ್ನಡಕ ತೆಗೆದು ಕೇಳಿದರು:

“ಸ್ವಂತ ತಂಗಿಗೇ ಸುಳ್ಳು ಹೇಳಿ ಸಹಿ ಹಾಕಿಸಿದೆ ಅಂತೀರಿ. ಹಂಗಾದ್ರೆ ಉಳಿದ ಸಾವಿರ ಪತ್ರದಾಗೂ ಓದಿ ಹೇಳಿದ್ದೀನಿ ಅನ್ನೋದು ಸುಳ್ಳೇ ಇರಬೇಕಲ್ಲ? ನಿಮ್ಮ ಇಲಾಖೆಗೆ ಇದನ್ನ ಬರೆದು ಕಳಿಸಲಾ? ಯೋಚನೆ ಮಾಡಿ ಹೇಳ್ರಿ. ಓದಿ ಹೇಳಿದ್ರೋ, ಇಲ್ಲೋ?”

ಯೋಚನೆ ಮಾಡಿದೆ. ಮಾಡಿಯೇ ಹೇಳಿದೆ, ಗಾಬರಿಯಿಂದ ಬಾಯಿಗೆ ಬಂದದ್ದಲ್ಲ. ಕಣ್ಣ ಮುಂದೆ ಪೆಟ್ಟಿಗೆ ಅಂಗಡಿ ಬಂತು, ಬೋರ್ಡು ಬಂತು, ಹಬ್ಬ ಮುಗಿದ ವಾರ ನಿಲ್ಲುವ ಬೈಕುಗಳ ಸಾಲು ಬಂತು. ತಂಗಿ ಬರಲಿಲ್ಲ.

“ಓದಿ ಹೇಳಿದ್ದೀನಿ. ತಿಳಿದು ಒಪ್ಪಿನೇ ಸಹಿ ಹಾಕಿದ್ಲು,” ಅಂದೆ. ಹಾಗಾದರೆ ಪ್ರಮಾಣಪತ್ರದಲ್ಲಿ ಇರುವುದು ಏನು ಅಂತ ಕೇಳಿದರು. ಅದು ವಕೀಲರು ಬರೆಸಿದ್ದು, ನಾನು ಪೂರ್ತಿ ಓದಲಿಲ್ಲ ಅಂದೆ. ನಮ್ಮ ಕಡೆಯ ವಕೀಲೆ ಎದ್ದು ನಿಂತು ಮತ್ತೆ ಎರಡು ಪ್ರಶ್ನೆ ಕೇಳಿದರು, ನಾನು ಅದನ್ನೇ ಹೇಳಿದೆ. ಟೈಪಿಸ್ಟ್ ಎಲ್ಲವನ್ನೂ ಟೈಪ್ ಮಾಡಿಕೊಂಡ. ಹೊರಗೆ ಬಂದಾಗ ತಂಗಿ ಬೆಂಚಿನ ಮೇಲೆ ಒಬ್ಬಳೇ ಇದ್ದಳು, ಹುಡುಗಿಯನ್ನು ನ್ಯಾಯಾಧೀಶರ ಕೋಣೆಗೆ ಕರೆದುಕೊಂಡು ಹೋಗಿದ್ದರು. ಎಲ್ಲಾ ಹೇಳ್ದಾ ಅಣ್ಣ ಅಂದಳು. ಹೇಳ್ದೆ ಅಂದೆ. ಉಳಿದ ಎರಡು ತೊಳೆ ಮೋಸಂಬಿಯನ್ನು ನನ್ನ ಕೈಗಿಟ್ಟಳು.

ವಕೀಲೆ ಬಿಡಲಿಲ್ಲ, ಸಂಜೆಯೇ ಅವಳಿಗೆ ಫೋನು ಮಾಡಿ ನಿಮ್ಮಣ್ಣ ತಿರುಗಿಬಿದ್ದ ಅಂತ ಹೇಳಿದರು. ತಂಗಿ ಫೋನು ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ಅವಳ ಕಣ್ಣಲ್ಲಿ ಅನುಮಾನ ಇರಲಿಲ್ಲ, ಗೊಂದಲ ಇತ್ತು. ಆಗಲೂ ಒಂದು ಅವಕಾಶ ಇತ್ತು ನನಗೆ. ನಾನು ಹೇಳಿದೆ: ಆ ಹೆಂಗಸಿಗೆ ಕೇಸು ನಡೆಸಾಕೆ ಬರಾದಿಲ್ಲ, ಸೋಲ್ತೀನಿ ಅಂತ ಗೊತ್ತಾಗೇತೆ, ಈಗ್ಲೇ ನನ್ನ ಮೇಲೆ ಹಾಕ್ತಾ ಐದಾಳೆ. ತಂಗಿ ಅದನ್ನು ನಂಬಿದಳು. ನಂಬಿದ್ದಷ್ಟೇ ಅಲ್ಲ, ಮರುವಾರ ಹೊನ್ನಾಳಿಗೆ ಹೋಗಿ, ನಮ್ಮಣ್ಣನ ಬಗ್ಗೆ ಹಂಗೆ ಮಾತಾಡಬ್ಯಾಡ್ರಿ, ಅವ್ವ ಸತ್ತ ಮೇಲೆ ನನ್ನ ಸಾಕಿದಾತ ಅಂತ ವಕೀಲೆಯ ಜೊತೆ ಜಗಳ ಮಾಡಿ ಬಂದಳು. ಅವಳ ಪರವಾಗಿ ಇದ್ದ ಒಬ್ಬರೇ ಒಬ್ಬರನ್ನೂ ಹೀಗೆ ನಾನು ಕಳೆದೆ. ಕೇಸು ಮುಗಿಸಿಕೊಟ್ಟು ಆಕೆ ಫೈಲು ವಾಪಸ್ಸು ಕೊಟ್ಟರು.

ಆದೇಶ ಇಂಗ್ಲಿಷಿನಲ್ಲಿತ್ತು. ತಂಗಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ನನ್ನ ಅಂಗಡಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಓದಿ ಹೇಳಣ್ಣ ಅಂದಳು. ಇಷ್ಟು ವರ್ಷಕ್ಕೆ ಮೊದಲ ಸಲ ಒಬ್ಬ ಹೆಣ್ಣುಮಗಳು ಆ ಕುರ್ಚಿಯಲ್ಲಿ ಕೂತು ಹಾಗೆ ಕೇಳಿದ್ದು. ಓದಿದೆ. ವಿಚ್ಛೇದನ ಸಿಕ್ಕಿದೆ. ಹುಡುಗಿ ಅಜ್ಜಿಯ ಹತ್ತಿರ ಇರುತ್ತೇನೆ ಅಂದಿದ್ದಾಳೆ. ಶಾಲೆ, ಗೆಳತಿಯರು, ಅಭ್ಯಾಸವಾದ ಮನೆ, ಈಗ ಕೀಳುವುದು ಸರಿಯಲ್ಲ. ತಿಂಗಳ ಕೊನೆಯ ಭಾನುವಾರ ಎರಡು ತಾಸು ತಾಯಿ ನೋಡಬಹುದು. ಹನ್ನೊಂದನೇ ಪುಟದಲ್ಲಿ ಒಂದು ಪ್ಯಾರಾ ಇತ್ತು: ಪತ್ರವನ್ನು ಬರೆದವನು ಅರ್ಜಿದಾರಳ ಸ್ವಂತ ಅಣ್ಣ, ಆಕೆ ತಿಳಿದೇ ಸಹಿ ಮಾಡಿದಳೆಂದು ಆತನೇ ಒಪ್ಪಿದ್ದಾನೆ, ಮಗುವನ್ನು ಬಿಟ್ಟದ್ದು ಆಕೆಯ ಸ್ವಂತ ನಿರ್ಧಾರವೆಂದೇ ತಿಳಿಯಬೇಕಾಗುತ್ತದೆ. ಆ ಪ್ಯಾರಾ ಬಿಟ್ಟು ಓದಿದೆ. ದನಿಯಲ್ಲಿ ಎಲ್ಲೂ ತಡೆ ಬರಲಿಲ್ಲ, ಅದು ಕಸುಬಿನ ಅಭ್ಯಾಸ.

ಮೇಲಿನ ಕೋರ್ಟಿಗೆ ಹೋಗಬಹುದಂತೆ ಅಂದಳು, ಬ್ಲೌಸ್ ಹೊಲಿಸಲು ಬರುವ ಒಬ್ಬ ಟೀಚರಮ್ಮ ಹೇಳಿದ್ದರಂತೆ. ಅಲ್ಲಿ ಯಾವ ವಕೀಲ ಫೈಲು ತೆರೆದರೂ ನನ್ನ ಸಾಕ್ಷಿಯನ್ನು ಮೊದಲು ಓದುತ್ತಾನೆ. ಪ್ರಯೋಜನ ಇಲ್ಲ ತಂಗೀ, ಇರೋ ಎರಡು ತಾಸೂ ಹೋದೀತು ಅಂದೆ. ನೀ ಹೇಳಿದ್ರೆ ಆತು ಬಿಡಣ್ಣ, ಕಾನೂನು ನಿನಗೆ ಗೊತ್ತಿರ್ತತೆ ಅಂದಳು. ಅಪೀಲಿನ ಗಡುವು ಮುಗಿಯುವ ದಿನವನ್ನು ನಾನು ಕ್ಯಾಲೆಂಡರಿನಲ್ಲಿ ನೋಡಿಟ್ಟುಕೊಂಡಿದ್ದೆ, ಅವಳಿಗೆ ಅದು ಗೊತ್ತೂ ಇರಲಿಲ್ಲ.

ಕೊನೆಯ ಭಾನುವಾರಗಳಲ್ಲಿ ಅವಳನ್ನು ನ್ಯಾಮತಿಗೆ ಬೈಕಿನಲ್ಲಿ ಕರೆದೊಯ್ಯುವವನು ನಾನೇ. ಮೊದಮೊದಲು ಹುಡುಗಿ ಮಾತಾಡುತ್ತಿರಲಿಲ್ಲ. ಆರೇಳು ತಿಂಗಳಿಗೆ ಸಲಿಗೆ ಬಂತು, ಲಂಗ ಹಾಕಿಕೊಂಡು ಬರತೊಡಗಿದಳು, ಒಂದು ಸಲ ಅಮ್ಮ ಅಂತಲೂ ಅಂದಳು. ತಂಗಿ ಬರುವ ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದೆ ಅದೊಂದನ್ನೇ ಹೇಳಿದಳು. ಹೋದ ವರ್ಷ, ಹುಡುಗಿಗೆ ಒಂಬತ್ತು ನಡೆಯುತ್ತಿದ್ದಾಗ, ಬೇಕರಿಯ ಬೆಂಚಿನ ಮೇಲೆ ಮೂವರೂ ಕೂತಿದ್ದೆವು. ಅವಳ ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಜೆರಾಕ್ಸು ಇತ್ತು. ಅಜ್ಜಿ ಕೊಟ್ಟದ್ದೋ, ತಾನೇ ಹುಡುಕಿದ್ದೋ, ಗೊತ್ತಿಲ್ಲ. ಕನ್ನಡ ಚೆನ್ನಾಗಿ ಓದಲು ಕಲಿತಿದ್ದಳು.

“ಇದರಾಗೆ ನಾನು ನಿನಗೆ ಬ್ಯಾಡ ಅಂತ ಐತೆ,” ಅಂದಳು ತಾಯಿಗೆ.

ತಂಗಿ ಗಟ್ಟಿಯಾಗಿ ತಲೆ ಅಲ್ಲಾಡಿಸಿದಳು. ಓದದೆ ಸಹಿ ಹಾಕಿದೆ ಕಂದ, ಅದರಾಗೆ ಏನೈತೆ ಅಂತ ನನಗೆ ಗೊತ್ತಿರಲಿಲ್ಲ ಅಂದಳು. ಹುಡುಗಿ ಕಾಗದದ ಕೆಳಭಾಗಕ್ಕೆ ಬೆರಳಿಟ್ಟು, ಅಲ್ಲಿ ಬರೆದಿದ್ದನ್ನು ಮನಸ್ಸಿನಲ್ಲೇ ಓದಿಕೊಂಡು, ನನ್ನ ಕಡೆ ತಿರುಗಿದಳು.

“ಮಾವ, ನೀನು ಓದಿ ಹೇಳಿದ್ದೆಯಾ?”

ತಂಗಿ ನನ್ನ ಮುಖ ನೋಡಿದಳು. ಇಲ್ಲ ಅನ್ನುತ್ತೇನೆ ಅಂತ ಅವಳಿಗೆ ಗ್ಯಾರಂಟಿ ಇತ್ತು, ಕೋರ್ಟಿನಲ್ಲೂ ನಾನು ಹಾಗೇ ಹೇಳಿದ್ದೇನೆ ಅಂತ ತಾನೇ ಅವಳು ಇಷ್ಟು ವರ್ಷ ನಂಬಿದ್ದು. ಇಲ್ಲ ಅಂದರೆ ಹುಡುಗಿ ಮನೆಗೆ ಹೋಗಿ ಹೇಳುತ್ತಾಳೆ, ಅವಳಪ್ಪ ಆ ಮುದಿ ವಕೀಲರಿಗೆ ಹೇಳುತ್ತಾನೆ, ಲೈಸೆನ್ಸು ನವೀಕರಣ ಆ ತಿಂಗಳೇ ಇತ್ತು. ಇಷ್ಟೂ ಲೆಕ್ಕ ಒಂದು ಉಸಿರಿನಲ್ಲಿ ಆಯಿತು.

“ಓದಿ ಹೇಳಿದ್ದೆ,” ಅಂದೆ.

ಹುಡುಗಿ ಕಾಗದವನ್ನು ಮೊದಲಿದ್ದ ಹಾಗೇ ಮಡಚಿದಳು. ಎರಡು ತಾಸು ಇನ್ನೂ ಮುಗಿದಿರಲಿಲ್ಲ. ಎದ್ದು, ರಸ್ತೆ ದಾಟಿ, ಅಪ್ಪನ ಅಂಗಡಿಯ ಒಳಗೆ ಹೋದಳು. ತಂಗಿ ಕೂಗಲಿಲ್ಲ. ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದಳು, ಆಮೇಲೆ ಬಸ್ಸಿಗೆ ಬರ್ತೀನಿ, ನೀವು ಹೋಗ್ರಿ ಅಂದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ನೀನು ಅಂದವಳು. ಮುಂದಿನ ತಿಂಗಳು ಹುಡುಗಿ ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ತಂಗಿ ಈಗ ನ್ಯಾಮತಿಯಲ್ಲೇ ಒಂದು ಕೋಣೆ ಹಿಡಿದು ಮಿಷನ್ ಹಾಕಿಕೊಂಡಿದ್ದಾಳೆ, ಮಗಳು ಶಾಲೆಗೆ ಹೋಗುವ ರಸ್ತೆಯಲ್ಲಿ. ಹುಡುಗಿ ಆ ಮನೆಯ ಮುಂದೆ ಬಂದಾಗ ರಸ್ತೆಯ ಆಚೆ ಬದಿಗೆ ಹೋಗಿ ನಡೆಯುತ್ತಾಳಂತೆ.